ಬೆನ್ನ ಹಿಂದೆ ‘ಕ್ಲಿಕ್’: ಕಥೆಗಳಲ್ಲಿ ಪಾತ್ರಗಳು ಬಂದೂಕು ಸಜ್ಜುಗೊಳಿಸುವ ಸದ್ದಿನಿಂದಲೇ ಪ್ರವೇಶಿಸುವುದೇಕೆ?

ಪ್ರಶ್ನೆ: ಕೊಂಡಜ್ಜಿ ಕೆರೆ (ದಾವಣಗೆರೆ)

ಮಾನ್ಯರೇ,

ದಾವಣಗೆರೆಯಲ್ಲಿಯೇ ನಡೆಯುವ ಒಂದು ಪತ್ತೇದಾರಿ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಅದರ ಒಂದು ಅಧ್ಯಾಯದ ಕೊನೆಯಲ್ಲಿ, ತಲೆಮರೆಸಿಕೊಂಡಿರುವ ಆರೋಪಿಯೊಬ್ಬನು ಬೆಳಗಿನ ಜಾವ ಮಂಡಕ್ಕಿ ಭಟ್ಟಿಯ ಹಿಂಬದಿಯಲ್ಲಿ ಗೋಡೆಯತ್ತ ಮುಖ ಮಾಡಿ ಚೀಲವೊಂದರ ಹೊಲಿಗೆ ಬಿಚ್ಚುತ್ತಿರುತ್ತಾನೆ. ಆಗ ಅವನ ಬೆನ್ನ ಹಿಂದೆ ‘ಕ್ಲಿಕ್’ ಎಂದು ಬಂದೂಕು ಸಜ್ಜಾದ ಸದ್ದು ಕೇಳಿಸುತ್ತದೆ. ಅವನು ತಿರುಗಿಯೂ ನೋಡದೆ ಎರಡೂ ಕೈಗಳನ್ನು ಮೇಲೆತ್ತುತ್ತಾನೆ. ಬಂದವರು ಇನ್‌ಸ್ಪೆಕ್ಟರ್ ಎಂಬುದು ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲಿ ತಿಳಿಯುತ್ತದೆ.

ಹಸ್ತಪ್ರತಿಯನ್ನು ಓದಿದ ಸ್ನೇಹಿತರೊಬ್ಬರು ಈ ಸಾಲಿನ ಪಕ್ಕದಲ್ಲಿ, ‘ಕೊಲ್ಲಲು ಬಂದವನು ಸದ್ದು ಮಾಡುವುದಿಲ್ಲ, ಹಿಡಿಯಲು ಬಂದವನು ಬಾಯಿಬಿಟ್ಟೇ ಹೇಳುತ್ತಾನೆ, ಹಾಗಾದರೆ ಈ ಸದ್ದು ಯಾರಿಗಾಗಿ?’ ಎಂದು ಬರೆದು ಹಿಂದಿರುಗಿಸಿದ್ದಾರೆ. ಸಿನಿಮಾಗಳಲ್ಲಿ ಈ ಸನ್ನಿವೇಶವನ್ನು ಎಷ್ಟೋ ಬಾರಿ ಕಂಡಿರುವುದರಿಂದ ನನಗೆ ಅದು ಸಹಜವೆಂದೇ ತೋರಿತ್ತು. ಇದರಲ್ಲಿ ಬಂದೂಕಿನ ಮಟ್ಟಿಗಾದರೂ ಸತ್ಯವಿದೆಯೇ? ಇಲ್ಲವಾದರೆ ಬರಹಗಾರರು ಇದನ್ನು ಇಷ್ಟೊಂದು ನೆಚ್ಚಿಕೊಂಡಿರುವುದಕ್ಕೆ ಬೇರೆ ಕಾರಣವೇನು? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.


ಉತ್ತರ: ಮಾಜಿ ಸೈನಿಕ (ಹರಿಹರ)

ನಿಮ್ಮ ಇನ್‌ಸ್ಪೆಕ್ಟರ್ ಕೈಯಲ್ಲಿರುವ ಆಯುಧ ಯಾವುದೆಂದು ನೀವು ತಿಳಿಸಿಲ್ಲ. ಮೊದಲ ಪ್ರಶ್ನೆಯ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ.

ಈ ಸದ್ದಿನ ತವರು ಹಳೆಯ ಕಾಲದ ಸಿಂಗಲ್ ಆ್ಯಕ್ಷನ್ ರಿವಾಲ್ವರ್. 1873ರಲ್ಲಿ ಅಮೆರಿಕದ ಸೇನೆಗೆ ಸೇರಿದ ಕೋಲ್ಟ್ ರಿವಾಲ್ವರ್ ಅದರ ಪ್ರಸಿದ್ಧ ಮಾದರಿ. ಅದರಲ್ಲಿ ಟ್ರಿಗರ್ ಎಳೆದ ಮಾತ್ರಕ್ಕೆ ಗುಂಡು ಹಾರುವುದಿಲ್ಲ; ಪ್ರತಿ ಗುಂಡಿಗೂ ಮೊದಲು ಹಿಂಭಾಗದ ಹ್ಯಾಮರನ್ನು, ಅಂದರೆ ಬಡಿದು ಗುಂಡು ಹಾರಿಸುವ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಲೇಬೇಕು. ಹಾಗೆ ಎಳೆಯುವಾಗ ಒಂದರ ಹಿಂದೆ ಒಂದರಂತೆ ನಾಲ್ಕು ಸಣ್ಣ ಸದ್ದುಗಳಾಗುತ್ತವೆ. ಆದ್ದರಿಂದ ಕೌಬಾಯ್ ಕಥೆಗಳಲ್ಲಿ ಬೆನ್ನ ಹಿಂದೆ ಆ ಸದ್ದು ಕೇಳಿದವನು ಕೈ ಎತ್ತುವುದರಲ್ಲಿ ಅಸಹಜವೇನೂ ಇಲ್ಲ. ಇಷ್ಟು ಹೊತ್ತು ಹಾರಲಾರದಿದ್ದ ಗುಂಡು ಈಗ ಹಾರಬಲ್ಲದು ಎಂಬುದು ಅಲ್ಲಿ ಅಕ್ಷರಶಃ ನಿಜ.

ಅನಂತರ ಬಂದ ಡಬಲ್ ಆ್ಯಕ್ಷನ್ ರಿವಾಲ್ವರ್‌ಗಳಲ್ಲಿ ಟ್ರಿಗರ್ ಎಳೆತವೇ ಹ್ಯಾಮರನ್ನು ಹಿಂದಕ್ಕೆ ಒಯ್ದು ಬಿಡುತ್ತದೆ. ಬ್ರಿಟಿಷರ ವೆಬ್ಲಿ ರಿವಾಲ್ವರ್‌ಗಳೂ, ಕಾನ್ಪುರದ ಕಾರ್ಖಾನೆ 2014ರಲ್ಲಿ ಹೊರತಂದ .32 ಬೋರಿನ ‘ನಿರ್ಭೀಕ್’ ಕೂಡ ಇದೇ ಬಗೆಯವು. ಇಂತಹ ಆಯುಧದ ಹ್ಯಾಮರನ್ನು ಬೆರಳಿನಿಂದ ಎಳೆಯುವುದು ಅನಿವಾರ್ಯವಲ್ಲ. ಎಳೆದರೆ ಟ್ರಿಗರ್ ಬಹಳ ಹಗುರವಾಗುತ್ತದೆ, ಗುರಿ ನಿಖರವಾಗುತ್ತದೆ. ಆದರೆ ಮನುಷ್ಯನೊಬ್ಬನನ್ನು ಬಂದೂಕಿನ ಮುಂದೆ ನಿಲ್ಲಿಸಿಕೊಂಡಿರುವಾಗ ಆ ಹಗುರತನವೇ ಅಪಾಯ. ಆತ ಥಟ್ಟನೆ ಅಲುಗಾಡಿದರೆ, ಹಿಂದಿನವನ ಕಾಲು ಜಾರಿದರೆ, ಬೇಡದ ಗುಂಡು ಹಾರಿಬಿಡುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದ ಕೆಲವು ಪೊಲೀಸ್ ಇಲಾಖೆಗಳು ತಮ್ಮ ರಿವಾಲ್ವರ್‌ಗಳ ಹ್ಯಾಮರನ್ನು ಬೆರಳಿನಿಂದ ಎಳೆದು ನಿಲ್ಲಿಸಲಾಗದಂತೆ ಮಾರ್ಪಡಿಸಿದ್ದವು. ಸಿನಿಮಾದಲ್ಲಿ ಅಧಿಕಾರಿಯ ಗಾಂಭೀರ್ಯವೆಂದು ತೋರಿಸುವುದನ್ನು ತರಬೇತುದಾರನು ಅಜಾಗರೂಕತೆ ಎಂದು ಬರೆದುಕೊಳ್ಳುತ್ತಾನೆ.

ಇನ್ನು ಪಿಸ್ತೂಲು. ನಮ್ಮಲ್ಲಿ ಸೇನೆ, ಪೊಲೀಸರ ಬಳಿ ಬಹುಕಾಲದಿಂದ ಇರುವ 9 ಎಂಎಂ 1ಎ ಪಿಸ್ತೂಲು ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವಂಥದು, ಬ್ರೌನಿಂಗ್ ಹೈ ಪವರ್ ಮಾದರಿಯದು. ಅದಕ್ಕೆ ಹೊರಗೆ ಕಾಣುವ ಹ್ಯಾಮರ್ ಇದೆ, ಅದು ಸಿಂಗಲ್ ಆ್ಯಕ್ಷನ್ ಕೂಡ. ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗದಲ್ಲಿ, ಗುಂಡಿಲ್ಲದೆ ಇಟ್ಟುಕೊಂಡಿದ್ದರೆ ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಡಬೇಕು. ಆಗ ಆಗುವುದು ‘ಕ್ಲಿಕ್’ ಅಲ್ಲ, ಎರಡು ಭಾಗಗಳಿರುವ ಗಡುಸಾದ ‘ಖಟ್-ಖಟಕ್’. ಇಲ್ಲಿ ನಿಮ್ಮ ಸ್ನೇಹಿತರ ಪ್ರಶ್ನೆಗಿಂತ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ: ಅಪಾಯಕಾರಿ ಆರೋಪಿಯ ಬೆನ್ನಿನವರೆಗೂ ನಿಮ್ಮ ಇನ್‌ಸ್ಪೆಕ್ಟರ್ ಚೇಂಬರಿನಲ್ಲಿ ಗುಂಡಿಲ್ಲದ ಪಿಸ್ತೂಲನ್ನು ಹಿಡಿದು ನಡೆದು ಬಂದರೇ? ಚೇಂಬರಿನಲ್ಲಿ ಆಗಲೇ ಗುಂಡಿದ್ದು, ಬರೀ ಹೆದರಿಸಲೆಂದು ಸ್ಲೈಡ್ ಎಳೆದರೆ, ಒಳ್ಳೆಯ ಗುಂಡೊಂದು ಹಾರಿ ನೆಲಕ್ಕೆ ಬೀಳುತ್ತದೆ. ಪಂಪ್ ಆ್ಯಕ್ಷನ್ ಶಾಟ್‌ಗನ್ ಹಿಡಿದ ನಾಯಕನು ಒಂದೇ ದೃಶ್ಯದಲ್ಲಿ ಮಾತಿಗೊಮ್ಮೆ ‘ಚಕ್-ಚಕ್’ ಎನ್ನಿಸುವಾಗ ಅವನ ಕಾಲ ಬಳಿ ತೋಟಾಗಳ ರಾಶಿಯೇ ಬಿದ್ದಿರಬೇಕಾಗಿತ್ತು. 1980ರ ದಶಕದಲ್ಲಿ ಬಂದ ಗ್ಲಾಕ್ ಪಿಸ್ತೂಲಿಗಂತೂ ಹೊರಗೆ ಎಳೆಯಬಹುದಾದ ಹ್ಯಾಮರೇ ಇಲ್ಲ. ಆದರೂ ತೆರೆಯ ಮೇಲೆ ಗ್ಲಾಕ್ ‘ಕ್ಲಿಕ್’ ಎನ್ನುತ್ತದೆ, ಏಕೆಂದರೆ ಧ್ವನಿ ವಿಭಾಗದವರು ಆ ಸದ್ದನ್ನು ಬೇರೆ ಕಡೆಯಿಂದ ತಂದು ಅಂಟಿಸಿರುತ್ತಾರೆ.

ಕೊನೆಯದಾಗಿ, ಹ್ಯಾಮರಿನ ಸದ್ದು ಬಹಳ ಸಣ್ಣದು. ಸುತ್ತ ಸ್ವಲ್ಪ ಗದ್ದಲವಿದ್ದರೂ ಅದು ಕೇಳಿಸಬೇಕಾದರೆ ಹಿಂದಿನವನು ಬಹಳ ಹತ್ತಿರ ಬರಬೇಕು. ಅಷ್ಟು ಹತ್ತಿರ ಬಂದವನ ಬಂದೂಕನ್ನು ಮುಂದಿನವನು ತಿರುಗಿ ಕಿತ್ತುಕೊಳ್ಳಬಹುದು. ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಜಾವ ಕೆಲಸ ನಡೆದಿರುತ್ತದೆ ಎಂಬುದನ್ನೂ ನೆನಪಿಡಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಚಟ, ಜರಡಿ ಹಿಡಿಯುವ ಸದ್ದು, ಒಲೆಯ ಭೋರ್ಗರೆತ ಇವೆಲ್ಲದರ ನಡುವೆ ನಿಮ್ಮ ‘ಕ್ಲಿಕ್’ ಯಾರ ಕಿವಿಗೂ ಬೀಳುವುದಿಲ್ಲ.


ಉತ್ತರ: ಪಿ.ಜೆ. ಬಡಾವಣೆ (ದಾವಣಗೆರೆ)

ನಾನು ವಕೀಲಿ ವೃತ್ತಿಯವನು. ಆಯುಧಗಳ ವಿಚಾರ ನನ್ನದಲ್ಲ. ಆದರೆ ನಿಮ್ಮ ಸ್ನೇಹಿತರ ಟಿಪ್ಪಣಿಯ ಎರಡನೆಯ ಭಾಗಕ್ಕೆ ಕಾನೂನಿನ ಬೆಂಬಲವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಸೆಕ್ಷನ್ ಪ್ರಕಾರ, ಬಂಧನವನ್ನು ತಡೆಯುವ ಅಥವಾ ತಪ್ಪಿಸಿಕೊಳ್ಳಲೆತ್ನಿಸುವ ವ್ಯಕ್ತಿಯ ಮೇಲೆ ಪೊಲೀಸರು ಅಗತ್ಯವಿರುವಷ್ಟು ಬಲವನ್ನು ಬಳಸಬಹುದು. ಆದರೆ ಮರಣದಂಡನೆಗೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧದ ಆರೋಪವಿಲ್ಲದವನನ್ನು ಕೊಲ್ಲುವ ಹಕ್ಕನ್ನು ಈ ಸೆಕ್ಷನ್ ಅವರಿಗೆ ಕೊಡುವುದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಸೆಕ್ಷನ್ನಿನಲ್ಲಿಯೂ ಇದೇ ಇತ್ತು. ಗೋಡೆಯತ್ತ ಮುಖ ಮಾಡಿ ಚೀಲ ಬಿಚ್ಚುತ್ತಿರುವವನು ತಡೆಯೊಡ್ಡುತ್ತಲೂ ಇಲ್ಲ, ಓಡುತ್ತಲೂ ಇಲ್ಲ. ಹೀಗಿರುವಾಗ ಇನ್‌ಸ್ಪೆಕ್ಟರ್ ಮೊದಲು ಮಾಡಬೇಕಾದದ್ದು ತಾನು ಪೊಲೀಸ್ ಎಂದು ಕೂಗಿ ಹೇಳುವುದು. ಆ ಕೂಗನ್ನು ನುಂಗಿಕೊಂಡು ಬರಿಯ ಸದ್ದನ್ನು ಮಾಡಿದರೆ, ಆರೋಪಿ ತನ್ನ ಶತ್ರುವೇ ಬಂದನೆಂದು ಭಾವಿಸಿ ಎದುರುಬಿದ್ದನೆಂದು ನನ್ನಂಥವರು ನ್ಯಾಯಾಲಯದಲ್ಲಿ ವಾದಿಸುತ್ತೇವೆ.


ಉತ್ತರ: ನೇಪಥ್ಯ (ಹೊಸದುರ್ಗ)

ಹರಿಹರದ ಹಿರಿಯರು ಬಂದೂಕಿನ ಕಡೆಯಿಂದ ನೋಡಿದ್ದಾರೆ. ನಾನು ರಂಗದ ಕಡೆಯಿಂದ ನೋಡಲು ಬಯಸುತ್ತೇನೆ. ನನ್ನ ದೃಷ್ಟಿಯಲ್ಲಿ ಈ ಸದ್ದು ಬೆದರಿಕೆಯಾಗುವ ಮೊದಲು ಒಂದು ಪಾತ್ರಪ್ರವೇಶ.

ಪಾತ್ರವೊಂದು ಸೂಚನೆಯಿಲ್ಲದೆ ರಂಗಕ್ಕೆ ಬರಬಾರದೆಂಬುದು ನಮ್ಮ ನಾಟ್ಯಪರಂಪರೆಯ ಹಳೆಯ ನಿಯಮ. ಸಂಸ್ಕೃತ ನಾಟಕಗಳಲ್ಲಿ ತೆರೆಯ ಹಿಂದಿನ ದನಿಯಿಂದ ವಿಷಯವನ್ನು ಸೂಚಿಸುವ ಕ್ರಮಕ್ಕೆ ಚೂಲಿಕೆ ಎಂಬ ಹೆಸರೇ ಇದೆ. ನಮ್ಮ ಸೀಮೆಯ ಮೂಡಲಪಾಯ ಬಯಲಾಟದಲ್ಲಿ ವೇಷಧಾರಿಯು ತೆರೆಯ ಮರೆಯಲ್ಲಿ ಕುಣಿಯುತ್ತ ಬಂದು, ಸಾರಥಿಯು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸಿದ ಮೇಲೆ ತನ್ನ ಕುಲ, ಬಿರುದು, ಪರಾಕ್ರಮಗಳನ್ನೆಲ್ಲ ಸಾವಕಾಶವಾಗಿ ಹೇಳಿಕೊಳ್ಳುತ್ತಾನೆ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂತಹ ವೃತ್ತಿ ಮಂಡಳಿಗಳ ನಾಟಕಗಳನ್ನು ನೋಡಿದವರಿಗೆ, ಹಾರ್ಮೋನಿಯಂ ಮತ್ತು ತಬಲಾದ ಒಂದು ಪಲಕು ಕೇಳಿದೊಡನೆ ಯಾರು ಬರಲಿದ್ದಾರೆಂದು ಪ್ರೇಕ್ಷಕರು ಸರಿದು ಕುಳಿತುಕೊಳ್ಳುತ್ತಿದ್ದುದು ನೆನಪಿರಬಹುದು. ಕಾವ್ಯಕ್ಕೆ ಬಂದರೆ, ರನ್ನನ ದುರ್ಯೋಧನನು ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದೂ ಭೀಮನ ಗರ್ಜನೆಯನ್ನು ಕೇಳಿ ಬೆವರುತ್ತಾನೆ. ಅಲ್ಲಿ ಭೀಮನು ಕಾಣಿಸುವ ಮೊದಲೇ ಅವನ ದನಿ ತನ್ನ ಕೆಲಸವನ್ನು ಮುಗಿಸಿದೆ.

ಇವೆಲ್ಲಕ್ಕೂ ಬಂದೂಕಿನ ಸದ್ದಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ ಎಂದು ನನ್ನ ಅಭಿಪ್ರಾಯ. ಬಯಲಾಟದ ವೇಷಧಾರಿ ತಾನು ಯಾರೆಂಬುದನ್ನು ಹೇಳುತ್ತಾನೆ, ಭೀಮನ ಗರ್ಜನೆ ಭೀಮನದೇ ಎಂದು ದುರ್ಯೋಧನನಿಗೆ ಗೊತ್ತು. ಬಂದೂಕಿನ ಸದ್ದು ಮಾತ್ರ ಯಾರೋ ಬಂದಿದ್ದಾರೆಂದು ತಿಳಿಸುತ್ತದೆ, ಯಾರು ಬಂದಿದ್ದಾರೆಂದು ತಿಳಿಸುವುದಿಲ್ಲ. ಮುಖವನ್ನು ಇನ್ನೊಂದು ಕ್ಷಣ ಮರೆಮಾಡಬೇಕೆನ್ನುವ ಕಥೆಗಾರನಿಗೆ ಇದಕ್ಕಿಂತ ಅನುಕೂಲವಾದ ಸಾಧನ ಸಿಗುವುದು ಕಷ್ಟ. ಮಾತನಾಡಿಸಿದರೆ ದನಿಯಿಂದ ಗುರುತು ಸಿಕ್ಕಿಬಿಡುತ್ತದೆ. ಹೆಜ್ಜೆಯ ಸದ್ದನ್ನು ಕೇಳಿಸಿದರೆ ಬಂದವನ ಉದ್ದೇಶ ತಿಳಿಯುವುದಿಲ್ಲ. ಈ ಒಂದು ಸದ್ದಿನಲ್ಲಿ ಉದ್ದೇಶವಿದೆ, ಹೆಸರಿಲ್ಲ.

ಸಿನಿಮಾಕ್ಕೆ ಇನ್ನೊಂದು ಲಾಭವೂ ಇದೆ. ಕ್ಯಾಮೆರಾ ಮುಂದಿನವನ ಮುಖದ ಮೇಲೆಯೇ ನಿಂತಿರುತ್ತದೆ, ಹಿಂದಿರುವುದೆಲ್ಲ ಮಸುಕಾಗಿರುತ್ತದೆ ಅಥವಾ ಚೌಕಟ್ಟಿನ ಹೊರಗಿರುತ್ತದೆ. ಸದ್ದೊಂದು ಬಂದರೆ ಸಾಕು, ಕ್ಯಾಮೆರಾವನ್ನು ತಿರುಗಿಸದೆಯೇ ಆ ಮುಖದಲ್ಲಿ ಭಯ ಮೂಡುವುದನ್ನು ತೋರಿಸಬಹುದು. ಇದನ್ನು ನಾವು ಕಾದಂಬರಿಗೆ ಎರವಲು ತರುವಾಗ, ನಮ್ಮ ಬಳಿ ಚೌಕಟ್ಟೂ ಇಲ್ಲ, ಸ್ಪೀಕರೂ ಇಲ್ಲ ಎಂಬುದನ್ನು ಮರೆಯುತ್ತೇವೆ. ‘ಕ್ಲಿಕ್’ ಎಂಬ ಎರಡಕ್ಷರವನ್ನು ಓದುಗನು ಕೇಳುವುದಿಲ್ಲ, ಓದುತ್ತಾನೆ. ಆರೋಪಿಯ ಮೈಯಲ್ಲಿ ಏನಾಯಿತೆಂಬುದರಿಂದ ಮಾತ್ರ ಅವನಿಗೆ ಸದ್ದು ಮುಟ್ಟುತ್ತದೆ. ನೀವು ‘ಕೈಗಳನ್ನು ಮೇಲೆತ್ತಿದ’ ಎಂದು ಬರೆದಿದ್ದೀರಿ. ಅದು ಸಿನಿಮಾದ ಚಲನೆ. ಅವನ ಬೆರಳು ಚೀಲದ ಹೊಲಿಗೆಯಲ್ಲಿ ಎಲ್ಲಿ ನಿಂತಿತು ಎಂಬುದನ್ನು ಬರೆದರೆ ಕಾದಂಬರಿಯಾಗುತ್ತದೆ.

ಸಾಣೇಹಳ್ಳಿಯ ನಾಟಕೋತ್ಸವಗಳಲ್ಲಿ ಬಂದೂಕಿನ ದೃಶ್ಯಗಳನ್ನು ಕಂಡಾಗಲೆಲ್ಲ ನಾನು ಗಮನಿಸುವುದೊಂದಿದೆ. ಸದ್ದು ಬಂದೊಡನೆ ಪ್ರೇಕ್ಷಕರು ಬಂದೂಕು ಹಿಡಿದವನನ್ನು ನೋಡುವುದಿಲ್ಲ, ಬೆನ್ನು ತೋರಿ ನಿಂತವನನ್ನು ನೋಡುತ್ತಾರೆ.


ಉತ್ತರ: ಜೋಗಿಮಟ್ಟಿ (ಚಿತ್ರದುರ್ಗ)

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತಲೇ ಒಂದು ತಕರಾರನ್ನು ಎತ್ತುತ್ತೇನೆ. ಪ್ರವೇಶಕ್ಕೆ ಸೂಚನೆ ಬೇಕೆಂಬುದು ರಂಗದ ನಿಯಮವಿರಬಹುದು. ಆದರೆ ನಮ್ಮ ಊರಿನ ಅತ್ಯಂತ ಜನಪ್ರಿಯ ಕಥೆ ಈ ನಿಯಮವನ್ನು ಪೂರ್ತಿಯಾಗಿ ಮುರಿದೇ ನಿಂತಿದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೆವಳಿಕೊಂಡು ಬಂದ ಕಿಂಡಿಯ ಪಕ್ಕದಲ್ಲಿ ಓಬವ್ವ ಒನಕೆ ಹಿಡಿದು ನಿಂತಳು. ಅವಳು ಗದರಿಸಲಿಲ್ಲ, ಸವಾಲು ಹಾಕಲಿಲ್ಲ, ಬಿದ್ದವರನ್ನು ಪಕ್ಕಕ್ಕೆಳೆದು ಹಾಕಿ ಮುಂದಿನವನಿಗಾಗಿ ಕಾದಳು. ಸದ್ದು ಮಾಡಿದ್ದರೆ ಎರಡನೆಯವನು ಬರುತ್ತಲೇ ಇರಲಿಲ್ಲ. ಕುತೂಹಲದ ಸಂಗತಿಯೆಂದರೆ ಈ ಕಥೆಯಲ್ಲಿ ಸದ್ದಿನಿಂದ ತಮ್ಮನ್ನು ಪ್ರಕಟಿಸಿಕೊಂಡವರು ದಾಳಿಕೋರರು: ನೀರಿಗೆಂದು ಹೋದ ಓಬವ್ವನಿಗೆ ಕಿಂಡಿಯಾಚೆಯ ಪಿಸುಮಾತು ಕೇಳಿಸಿತು. ಕಹಳೆ ಊದುವುದು ಅವಳ ಗಂಡನ ಕೆಲಸವಾಗಿದ್ದರೂ ಆ ಹೊತ್ತಿನಲ್ಲಿ ಅವಳು ಅವನನ್ನು ಊಟದಿಂದ ಎಬ್ಬಿಸಲಿಲ್ಲ.

ನಿಮ್ಮ ಸ್ನೇಹಿತರ ಟಿಪ್ಪಣಿಯ ಮೊದಲ ಭಾಗ ಇದೇ. ಕೊಲ್ಲಲೇಬೇಕೆಂದು ನಿಂತ ಪಾತ್ರಕ್ಕೆ ಸದ್ದನ್ನು ಕೊಟ್ಟರೆ ಆ ಪಾತ್ರ ದಡ್ಡತನಕ್ಕೆ ಇಳಿಯುತ್ತದೆ. ಸದ್ದು ಮಾಡುವವನಿಗೆ ಮುಂದಿನವನಿಂದ ಏನೋ ಬೇಕಾಗಿರಬೇಕು: ಒಂದು ಗುಟ್ಟು, ಒಂದು ಚೀಲ, ಇಲ್ಲವೇ ಅವನು ತಿರುಗಿ ತನ್ನ ಮುಖವನ್ನು ನೋಡಿಯೇ ಸಾಯಲಿ ಎಂಬ ಹಠ. ಈ ಕೊನೆಯದು ದ್ವೇಷದ ಕಥೆಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಐತಿಹಾಸಿಕ ಕಾದಂಬರಿ ಬರೆಯುವವರೂ ಇಲ್ಲಿ ಓದುತ್ತಿರಬಹುದೆಂದು ಇನ್ನೊಂದು ಮಾತನ್ನು ಸೇರಿಸುತ್ತೇನೆ. ದುರ್ಗವು ಹೈದರಾಲಿಯ ವಶವಾದ 1779ರ ಸುಮಾರಿನ ಕಥೆಯಲ್ಲಿ ಬಂದೂಕುಧಾರಿಯ ಪ್ರವೇಶಕ್ಕೆ ‘ಕ್ಲಿಕ್’ ಅನ್ನು ಬಳಸುವುದು ಹೆಚ್ಚಿನ ಸಂದರ್ಭಗಳಲ್ಲಿ ಹೊಂದುವುದಿಲ್ಲ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿದ್ದುದು ಬತ್ತಿಯ ಕೋವಿ. ಅದರ ಬತ್ತಿ ಮೊದಲೇ ಹೊತ್ತಿಕೊಂಡು ಕಿಡಿಯಾಗಿ ಉರಿಯುತ್ತಿರಬೇಕು. ಟ್ರಿಗರ್ ಎಳೆದಾಗ ಆ ಕಿಡಿ ಮದ್ದಿನ ಮೇಲೆ ಬೀಳುತ್ತದೆ. ಕತ್ತಲಲ್ಲಿ ಅಂತಹ ಕೋವಿ ಹಿಡಿದವನನ್ನು ಮೊದಲು ಪ್ರಕಟಿಸುವುದು ಸುಡುವ ಬತ್ತಿಯ ವಾಸನೆ ಮತ್ತು ಆ ಕೆಂಪು ಚುಕ್ಕಿ. ಬೆನ್ನು ಮಾಡಿ ನಿಂತವನಿಗೆ ಚುಕ್ಕಿ ಕಾಣುವುದಿಲ್ಲ, ವಾಸನೆ ಬಡಿಯುತ್ತದೆ. ಯಾರಾದರೂ ಇದನ್ನು ಬರೆದರೆ ನಾನು ಓದಲು ಸಿದ್ಧನಿದ್ದೇನೆ.


ಕೊಂಡಜ್ಜಿ ಕೆರೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಓದಿದ ಮೇಲೆ ಸನ್ನಿವೇಶವನ್ನು ಹೀಗೆ ಬದಲಾಯಿಸಬಹುದೆಂದು ತೋರುತ್ತಿದೆ. ಇನ್‌ಸ್ಪೆಕ್ಟರ್ ಈ ಅಧ್ಯಾಯದಲ್ಲಿ ಬರುವುದೇ ಇಲ್ಲ. ಬೆನ್ನ ಹಿಂದೆ ಬಂದು ನಿಲ್ಲುವವನು ಆರೋಪಿಯ ಭಾವಮೈದುನ, ಜಗಳೂರು ತಾಲ್ಲೂಕಿನ ಮೆಕ್ಕೆಜೋಳ ಬೆಳೆಗಾರ. ಚೀಲದಲ್ಲಿರುವುದರಲ್ಲಿ ಅವನಿಗೆ ಪಾಲು ಸಲ್ಲಬೇಕಾಗಿದೆ, ಆದ್ದರಿಂದ ಆರೋಪಿ ಬದುಕಿದ್ದು ಬಾಯಿಬಿಡುವುದು ಅವನಿಗೆ ಅಗತ್ಯ. ಅವನು ದನಿ ಎತ್ತಿದರೆ ಗುರುತು ಸಿಗುತ್ತದೆ, ಹಾಗಾಗಿ ಅವನಿಗೆ ಸದ್ದೇ ಸರಿ. ರಂಗಯ್ಯನದುರ್ಗದ ಕಾಡಂಚಿನಲ್ಲಿ ಹಂದಿಗಳ ಕಾಟವಿರುವುದರಿಂದ ಬೆಳೆ ಕಾಯಲು ಅವನ ತಂದೆಯ ಕಾಲದ ಪರವಾನಗಿ ಕೋವಿಯೊಂದು ಮನೆಯಲ್ಲಿದೆ ಎಂದು ಹಿಂದಿನ ಅಧ್ಯಾಯದಲ್ಲಿಯೇ ಸೂಚಿಸಬಹುದು. ಹರಿಹರದ ಹಿರಿಯರು ಒಂದು ವಿಷಯವನ್ನು ತಿಳಿಸಬೇಕು: ಅಂತಹ ಹಳೆಯ ಜೋಡುನಳಿಗೆ ಕೋವಿಯಲ್ಲಿ ಈ ಸದ್ದು ಬರುತ್ತದೆಯೇ? ಭಟ್ಟಿಯ ಗದ್ದಲಕ್ಕೆ ಏನು ಮಾಡಲಿ?


ಉತ್ತರ: ಮಾಜಿ ಸೈನಿಕ (ಹರಿಹರ)

ಜೋಡುನಳಿಗೆಯಲ್ಲಿ ಎರಡು ಬಗೆಗಳಿವೆ. ಹ್ಯಾಮರ್ ಒಳಗೆ ಅಡಗಿರುವ ಬಗೆಯಲ್ಲಿ ಕೋವಿಯನ್ನು ಮಡಚಿ ತೆರೆದಾಗಲೇ ಅದು ಸಜ್ಜಾಗಿಬಿಡುತ್ತದೆ. ಅಲ್ಲಿ ಹೆಬ್ಬೆರಳಿಗೆ ಕೆಲಸವಿಲ್ಲ, ನಿಮಗೆ ಬೇಕಾದ ಸದ್ದೂ ಇಲ್ಲ. ತಂದೆಯ ಕಾಲದ್ದೆಂದು ನೀವು ಹೇಳುವುದರಿಂದ, ಎರಡು ಕಿವಿಗಳಂತೆ ಹೊರಗೆ ಎದ್ದು ಕಾಣುವ ಹ್ಯಾಮರ್‌ಗಳ ಹಳೆಯ ಬಗೆಯನ್ನೇ ಆರಿಸಿಕೊಳ್ಳಿ. ಅದನ್ನು ಹೊತ್ತು ತಿರುಗುವವರು ಹ್ಯಾಮರ್‌ಗಳನ್ನು ಇಳಿಸಿಯೇ ಇಟ್ಟುಕೊಳ್ಳುವುದು ಕ್ಷೇಮಕರ, ಆದ್ದರಿಂದ ಕೊನೆಯ ಕ್ಷಣದಲ್ಲಿ ಎಳೆಯುವುದಕ್ಕೆ ಸಕಾರಣವೂ ಇದೆ. ನಳಿಗೆ ಉದ್ದವಾಗಿರುವುದರಿಂದ ಅವನು ನಾಲ್ಕಾರು ಹೆಜ್ಜೆ ದೂರದಲ್ಲಿಯೇ ನಿಲ್ಲಬಹುದು, ಕಿತ್ತುಕೊಳ್ಳುವ ಭಯವಿಲ್ಲ. ಒಂದು ಎಚ್ಚರಿಕೆ: ಕಥೆ ಚುನಾವಣೆಯ ಸಮಯದಲ್ಲಿ ನಡೆಯುತ್ತಿದ್ದರೆ ಪರವಾನಗಿ ಕೋವಿಗಳನ್ನು ಸಾಮಾನ್ಯವಾಗಿ ಠಾಣೆಯಲ್ಲಿ ಒಪ್ಪಿಸಿಕೊಂಡಿರುತ್ತಾರೆ, ಆಗ ಅದು ಅವನ ಕೈಯಲ್ಲಿರಲು ಕಾರಣ ಕೊಡಬೇಕಾಗುತ್ತದೆ.

ಗದ್ದಲಕ್ಕೆ ಸುಲಭದ ದಾರಿಯಿದೆ. ಹುರಿಯುವವನು ಒಂದು ಘಾಣವನ್ನು ಇಳಿಸಿ, ಮುಂದಿನ ಅಕ್ಕಿಯನ್ನು ಸುರಿಯುವುದಕ್ಕೆ ಮೊದಲು ಸ್ವಲ್ಪ ಹೊತ್ತು ಚಟಚಟ ನಿಲ್ಲುತ್ತದೆ. ಭಾವಮೈದುನ ಆ ಬಿಡುವಿಗಾಗಿ ಕಾಯಲಿ. ಎರಡು ಹ್ಯಾಮರ್‌ಗಳಿರುವುದರಿಂದ ಸದ್ದುಗಳೂ ಎರಡು, ನಡುವೆ ಹೆಬ್ಬೆರಳು ಒಂದರಿಂದ ಇನ್ನೊಂದಕ್ಕೆ ಸರಿಯುವಷ್ಟು ಅಂತರ. ಮನೆಯಲ್ಲಿ ಆ ಕೋವಿಯನ್ನು ಕಂಡಿರುವ ನಿಮ್ಮ ಆರೋಪಿಗೆ ಮೊದಲ ಸದ್ದಿನಲ್ಲಿ ಯಾರೋ ಬಂದರೆಂದು ತಿಳಿಯುತ್ತದೆ, ಎರಡನೆಯದರಲ್ಲಿ ಯಾರೆಂದು.